ಕ್ಯಾಮೆರಾ ಕೊನೆಗೆ ತಗೊಳ್ಳಿ: ಹಳ್ಳಿಯಲ್ಲಿ ಫೋಟೋ ಸ್ಟುಡಿಯೋ ಶುರು ಮಾಡಿದ ನನ್ನ ಅನುಭವ

ಹೋದ ತಿಂಗಳು ನನ್ನ ಸ್ಟುಡಿಯೋ ಶುರುವಾಯಿತು. ಸ್ಟುಡಿಯೋ ಅಂದರೆ ದೊಡ್ಡದೇನಲ್ಲ. ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿ ಸರ್ಕಲ್‌ನಲ್ಲಿ ಒಂದೇ ಶಟರಿನ ಮಳಿಗೆ, ಪಕ್ಕದಲ್ಲಿ ಗೊಬ್ಬರದ ಅಂಗಡಿ, ಎದುರಿಗೆ ಬಸ್‌ಸ್ಟ್ಯಾಂಡು. ಇದಕ್ಕೇ ಎರಡು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಈ ನಡುವೆ ಯಾರನ್ನು ಕೇಳಿದರೂ ಒಂದೊಂದು ಥರ ಹೇಳುತ್ತಿದ್ದರು. ಯಾವ ಕಾಗದ ಮೊದಲು, ಯಾವುದು ಆಮೇಲೆ ಅನ್ನೋದನ್ನು ಪೂರ್ತಿ ಹೇಳಿದವರು ಒಬ್ಬರೂ ಇಲ್ಲ. ಅದಕ್ಕೇ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಟೀ ಇಟ್ಟುಕೊಂಡು ಓದಿ.

ನಾನು ಬಿಕಾಂ ಮಾಡಿದವಳು. ಪೇಟೆಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಮೊಬೈಲಲ್ಲಿ ಫೋಟೋ ತೆಗೆಯುವ ಹುಚ್ಚು ಮೊದಲಿಂದ ಇತ್ತು. ಇದನ್ನೇ ಕೆಲಸ ಮಾಡಿಕೊಳ್ಳುತ್ತೇನೆ ಅಂದಾಗ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಅಪ್ಪ ಮಾತ್ರ, "ಹೆಣ್ಮಕ್ಕಳು ರಾತ್ರಿ ಹನ್ನೊಂದಕ್ಕೆ ಛತ್ರದಿಂದ ಹೆಂಗೆ ಬರ್ತೀಯೇ ಮಾರಾಯ್ತಿ?" ಅಂದರು. ಪ್ರಶ್ನೆ ಸರಿಯಾಗೇ ಇತ್ತು. ಅದಕ್ಕೆ ಉತ್ತರ ಮುಂದೆ ಹೇಳುತ್ತೇನೆ.

ಗೊತ್ತಿದ್ದವರೆಲ್ಲ ಹೇಳಿದ್ದು ಒಂದೇ ಮಾತು: ಮೊದಲು ಒಂದು ಒಳ್ಳೆ ಕ್ಯಾಮೆರಾ ತಗೋ, ಉಳಿದದ್ದು ತಾನಾಗೇ ಆಗುತ್ತದೆ. ನಾನು ಉಲ್ಟಾ ಹೇಳುತ್ತೇನೆ. ಕ್ಯಾಮೆರಾ ಕೊನೆಗೆ ತಗೊಳ್ಳಿ. ಯಾಕೆ ಅಂತ ಹಂತ ಹಂತವಾಗಿ ಬರೆಯುತ್ತೇನೆ.

ಮೊದಲ ಹೆಜ್ಜೆ ತರಬೇತಿ. ಬೆಂಗಳೂರಿನ ಖಾಸಗಿ ಕೋರ್ಸುಗಳ ಫೀಸು ಕೇಳಿಯೇ ಸುಸ್ತಾಗಿತ್ತು, ಅದರ ಮೇಲೆ ಅಲ್ಲಿ ಇರೋ ಖರ್ಚು ಬೇರೆ. ಆಗ ಮಂಡಿಗೆ ಬರುತ್ತಿದ್ದ ರೈತರೊಬ್ಬರು ಉಜಿರೆಯ ರುಡ್‌ಸೆಟ್ ಬಗ್ಗೆ ಹೇಳಿದರು. 1982ರಲ್ಲಿ ಧರ್ಮಸ್ಥಳದವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆ ಸೇರಿ ಶುರು ಮಾಡಿದ ಸಂಸ್ಥೆ ಅದು. ನಿರುದ್ಯೋಗಿ ಹುಡುಗ ಹುಡುಗಿಯರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುತ್ತಾರೆ. ಊಟ, ವಸತಿ, ಪಾಠ ಎಲ್ಲ ಉಚಿತ. ಈ ಮಾದರಿ ನೋಡಿಯೇ ಆಮೇಲೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು, ಆರ್‌ಸೆಟಿ ಅಂತ ಬಂದವು. ನಿಮ್ಮ ಜಿಲ್ಲೆಯ ಲೀಡ್ ಬ್ಯಾಂಕಿನಲ್ಲಿ (ಜಿಲ್ಲೆಯ ಬ್ಯಾಂಕುಗಳ ಉಸ್ತುವಾರಿ ನೋಡುವ ಬ್ಯಾಂಕು) ಕೇಳಿದರೆ ಆರ್‌ಸೆಟಿ ಎಲ್ಲಿದೆ ಅಂತ ಹೇಳುತ್ತಾರೆ. ಫೋಟೋಗ್ರಫಿ-ವಿಡಿಯೋಗ್ರಫಿ ಕೋರ್ಸು ಸುಮಾರು ಒಂದು ತಿಂಗಳದ್ದು. ವರ್ಷವಿಡೀ ಇರುವುದಿಲ್ಲ, ಬ್ಯಾಚ್ ಯಾವಾಗ ಅಂತ ಫೋನ್ ಮಾಡಿ ಕೇಳುತ್ತಿರಬೇಕು. ನಾನು ಅರ್ಜಿ ಹಾಕಿ ಒಂದು ಮಳೆಗಾಲ ಪೂರ್ತಿ ಕಾದೆ.

ಅಲ್ಲಿ ಬೆಳಿಗ್ಗೆ ಬೇಗ ಏಳಬೇಕು. ಯೋಗ, ಶ್ರಮದಾನ, ಆಮೇಲೆ ನಿನ್ನೆ ಏನು ಕಲಿತಿರಿ ಅಂತ ಎಲ್ಲರೆದುರು ನಿಂತು ಹೇಳಬೇಕು. ಮೊದಲ ವಾರ ನನಗೆ ಇದು ಹಿಂಸೆ ಅನಿಸಿತು. ಆದರೆ ನಾಳೆ ಮದುವೆ ಮನೆಯಲ್ಲಿ ನೂರು ಜನರ ನಡುವೆ ನಿಂತು "ಅಜ್ಜಿ, ಸ್ವಲ್ಪ ಈಕಡೆ ಬನ್ನಿ, ಮಾವ, ನೀವು ಹಿಂದೆ ನಿಲ್ಲಿ" ಅಂತ ಜೋರಾಗಿ ಹೇಳುವ ಧೈರ್ಯ ಬಂದಿದ್ದು ಅಲ್ಲೇ. ಕ್ಯಾಮೆರಾಗೆ ಬೆಳಕು ಹೊಂದಿಸುವ ಅಪರ್ಚರ್, ಶಟರ್, ಐಎಸ್‌ಒ ಯೂಟ್ಯೂಬಿನಲ್ಲೂ ಕಲಿಯಬಹುದು ಬಿಡಿ. ಬ್ಯಾಂಕಿಗೆ ಯೋಜನಾ ವರದಿ ಬರೆಯೋದು, ದರ ನಿಗದಿ ಮಾಡೋದು, ಗಿರಾಕಿ ಹತ್ತಿರ ಬಾಕಿ ಕೇಳೋದು, ಇವನ್ನೂ ಪಾಠ ಮಾಡುತ್ತಾರೆ ಅನ್ನೋದು ನನಗೆ ದೊಡ್ಡದಾಗಿ ಕಂಡಿತು. ಅಲ್ಲಿನ ಪ್ರಮಾಣಪತ್ರ ಜೋಪಾನವಾಗಿಡಿ. ಮುಂದೆ ಸಾಲಕ್ಕೆ ಬೇಕಾಗುತ್ತದೆ.

ವಾಪಸ್ ಬಂದ ಮೇಲೆ ಪೇಟೆಯ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದೆ. ಮೊದಲು ಲೈಟ್ ಹಿಡಿಯುವ ಕೆಲಸ. ದಿನಕ್ಕೆ ಆರುನೂರು ರೂಪಾಯಿ, ಊಟ ಮದುವೆ ಮನೆಯಲ್ಲೇ. ಸ್ಟುಡಿಯೋದ ಅಣ್ಣ ಮಾತು ಕಮ್ಮಿ, ಬೈಗುಳ ಜಾಸ್ತಿ, ಆದರೆ ಕೆಲಸಗಾರ. ಅವರು ಕಲಿಸಿದ ಮೊದಲ ಪಾಠ ಕ್ಯಾಮೆರಾದ್ದಲ್ಲ. "ಮುಂದಿನ ಶಾಸ್ತ್ರ ಯಾವ್ದು ಅಂತ ಭಟ್ರ ಕೈ ನೋಡ್ಕೊಂಡು ಹೇಳ್ಬೇಕು ನೀನು" ಅಂದರು. ಭಟ್ಟರು ಜೀರಿಗೆ ಬೆಲ್ಲ ಕೈಗೆತ್ತಿಕೊಂಡರೆ ಅಂತರಪಟ ಇನ್ನೇನು ಸರಿಯುತ್ತದೆ ಅಂತ ಅರ್ಥ. ಆ ಹೊತ್ತಿಗೆ ನೀವು ಹುಡುಗ ಹುಡುಗಿ ಇಬ್ಬರ ಮುಖವೂ ಕಾಣುವ ಜಾಗದಲ್ಲಿ ಇರಬೇಕು. ಮಾಂಗಲ್ಯಧಾರಣೆಗೆ ಎರಡನೇ ಅವಕಾಶ ಇರುವುದಿಲ್ಲ. ಓಲಗದವರು ಗಟ್ಟಿಮೇಳ ಶುರು ಮಾಡಿದಾಗ ನೆಂಟರೆಲ್ಲ ಅಕ್ಷತೆ ಹಾಕಲು ನುಗ್ಗುತ್ತಾರೆ, ಮೊಬೈಲ್ ಹಿಡಿದ ಕೈಗಳು ಅಡ್ಡ ಬರುತ್ತವೆ. ಅದಕ್ಕೇ ಮೊದಲೇ ಸ್ಟೂಲ್ ಹಾಕಿಕೊಂಡು ನಿಲ್ಲೋದು. ಒಬ್ಬೊಬ್ಬರ ಪದ್ಧತಿ ಒಂದೊಂದು ಥರ. ಹವ್ಯಕರ ಮದುವೆ, ಒಕ್ಕಲಿಗರ ಮದುವೆ, ಲಿಂಗಾಯತರ ಮದುವೆ, ದೀವರ ಮದುವೆ, ಮುಸ್ಲಿಮರ ನಿಕಾಹ್, ಎಲ್ಲದರ ಕ್ರಮ ಬೇರೆ. ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಈಗಲೂ ಬ್ಯಾಗಲ್ಲಿದೆ.

ಬೆಳಕಿನ ವಿಷಯ ಹೇಳಲೇಬೇಕು, ಹೊಸಬರು ಇಲ್ಲೇ ಒದ್ದಾಡುವುದು. ಮನೆ ಮುಂದೆ ಶಾಮಿಯಾನ ಹಾಕಿದ್ದರೆ ಬಟ್ಟೆಯ ಬಣ್ಣವೆಲ್ಲ ಮುಖದ ಮೇಲೆ ಇಳಿಯುತ್ತದೆ. ಗುಲಾಬಿ ಬಟ್ಟೆಯಾದರೆ ಮದುಮಗಳು ಗುಲಾಬಿ, ಹಸಿರಾದರೆ ಕಾಯಿಲೆಯವಳ ಥರ. ರಾ ಫೈಲಿನಲ್ಲಿ (ಕ್ಯಾಮೆರಾ ಕಂಡದ್ದನ್ನು ಹಾಗೇ ಉಳಿಸುವ ಫೈಲು) ತೆಗೆದರೆ ಆಮೇಲೆ ಸ್ವಲ್ಪ ಸರಿ ಮಾಡಬಹುದು, ಅಲ್ಲೇ ಫ್ಲ್ಯಾಶ್ ಹಾಕಿದರೆ ಇನ್ನೂ ಒಳ್ಳೆಯದು. ಛತ್ರದ ಎಲ್‌ಇಡಿ ಲೈಟಿನದು ಬೇರೆ ಕಾಟ. ನಮ್ಮ ಕರೆಂಟು 50 ಹರ್ಟ್ಸ್‌ನದು, ಲೈಟು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಫೋಟೋದಲ್ಲಿ ಅಡ್ಡ ಪಟ್ಟೆಗಳು ಬರುತ್ತವೆ. ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಬಹುತೇಕ ಸರಿಹೋಗುತ್ತದೆ. ಆರತಕ್ಷತೆ ಸ್ಟೇಜಿನ ನೀಲಿ-ನೇರಳೆ ಲೈಟಿಗೆ ಮಾತ್ರ ಮದ್ದಿಲ್ಲ. ಡೆಕೊರೇಷನ್‌ನವರ ಹತ್ತಿರ ಹೋಗಿ, "ಅಣ್ಣಾ, ಮುಖದ ಮೇಲಿರೋದೊಂದು ಬಿಳಿ ಮಾಡಿ" ಅಂತ ನಗುನಗುತ್ತಾ ಕೇಳೋದೇ ದಾರಿ.

ಈ ಹೊತ್ತಿಗೆ ನನ್ನ ಹತ್ತಿರ ಕ್ಯಾಮೆರಾ ಇರಲಿಲ್ಲ. ಸ್ಟುಡಿಯೋದ ಅಣ್ಣನ ಹಳೇ ಕ್ಯಾಮೆರಾ ಬಾಡಿಯಲ್ಲಿ (ಲೆನ್ಸ್ ಬಿಟ್ಟು ಉಳಿದ ಭಾಗ) ಕೈ ಪಳಗಿಸಿದೆ. ಆಮೇಲೆ ಬೇರೆಯವರಿಗೆ ಸೆಕೆಂಡ್ ಶೂಟರ್ (ಎರಡನೇ ಫೋಟೋಗ್ರಾಫರ್) ಆಗಿ ಹೋಗುವಾಗ ಬಾಡಿಗೆಗೆ ತಂದೆ. ಬಾಡಿ ಮತ್ತು ಒಂದು ಲೆನ್ಸ್ ಸೇರಿ ದಿನಕ್ಕೆ ಎರಡು ಸಾವಿರದ ಆಸುಪಾಸು ಬೀಳುತ್ತಿತ್ತು, ನನಗೆ ಸಿಗುತ್ತಿದ್ದದ್ದು ಐದು ಸಾವಿರ. ಬಾಡಿಗೆಯ ಲಾಭ ಏನೆಂದರೆ ಬೇರೆ ಬೇರೆ ಕಂಪನಿಯದು ಹಿಡಿದು ನೋಡಿದೆ. ಕೆಲವು ಬಾಡಿಗಳು ನನ್ನ ಸಣ್ಣ ಕೈಗೆ ದೊಡ್ಡದು. ದೂರದ್ದನ್ನು ಹತ್ತಿರ ತರುವ ಭಾರದ 70-200 ಲೆನ್ಸ್ ಹಾಕಿ ಬೆಳಿಗ್ಗೆಯಿಂದ ಸಂಜೆವರೆಗೆ ಹಿಡಿದರೆ ಮಾರನೇ ದಿನ ಹೆಗಲು ಎತ್ತೋಕಾಗುತ್ತಿರಲಿಲ್ಲ. ನನಗೆ ಬೇಕಾದ್ದು ಏನು ಅಂತ ಕೊನೆಗೆ ಸ್ಪಷ್ಟವಾಯಿತು: ಎರಡು ಕಾರ್ಡ್ ಸ್ಲಾಟ್ ಇರುವ, ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಬಾಡಿ, 28-75 ಜೂಮ್ ಲೆನ್ಸ್, 85ರ ಪ್ರೈಮ್ (ಜೂಮ್ ಇಲ್ಲದ) ಲೆನ್ಸ್. ಇಷ್ಟೇ. ಮೊದಲೇ ಅಂಗಡಿಗೆ ಹೋಗಿದ್ದರೆ ಅವರು ಹೇಳಿದ್ದು ತರುತ್ತಿದ್ದೆ.

ಹೆಣ್ಣಾಗಿದ್ದಕ್ಕೆ ತೊಂದರೆ ಆಯ್ತಾ ಅಂತ ತುಂಬಾ ಜನ ಕೇಳುತ್ತಾರೆ. ಆಯ್ತು, ಅನುಕೂಲವೂ ಆಯ್ತು. "ಫೋಟೋಗ್ರಾಫರ್ ಎಲ್ಲಿ, ಬರ್ಲಿಲ್ವಾ?" ಅಂತ ನನ್ನನ್ನೇ ಕೇಳಿದವರಿದ್ದಾರೆ. ಆದರೆ ಮದುಮಗಳ ಅಲಂಕಾರದ ಕೋಣೆಗೆ ನನ್ನನ್ನು ಕರೆದು ಕೂರಿಸುತ್ತಾರೆ. ಗಂಡಸರು ಬಾಗಿಲಾಚೆ ನಿಂತು ಕಾಯುವ ಹೊತ್ತಿನಲ್ಲಿ ನನಗೆ ಒಳ್ಳೆ ಫೋಟೋಗಳು ಸಿಕ್ಕಿರುತ್ತವೆ. ಸೀಮಂತ, ನಾಮಕರಣಕ್ಕೆ ನನ್ನನ್ನೇ ಕೇಳಿಕೊಂಡು ಬರುತ್ತಾರೆ. ರಾತ್ರಿ ವಾಪಸಾಗುವ ಪ್ರಶ್ನೆಗೆ ಉತ್ತರ: ಬುಕಿಂಗ್ ಮಾಡುವಾಗಲೇ ರಾತ್ರಿ ಕಾರ್ಯಕ್ರಮಕ್ಕೆ ಗಾಡಿ ಖರ್ಚು ಬೇರೆ ಅಂತ ಬರೆಯುತ್ತೇನೆ, ಗುರುತಿನ ಆಟೋದವರೊಬ್ಬರನ್ನು ಗೊತ್ತು ಮಾಡಿಕೊಂಡಿದ್ದೇನೆ. ಇದುವರೆಗೆ ಯಾರೂ ಬೇಡ ಅಂದಿಲ್ಲ.

ಈಗ ದುಡ್ಡಿನ ವಿಷಯ. ಕ್ಯಾಮೆರಾ ಕೊನೆಗೆ ಅಂದಿದ್ದು ಇದಕ್ಕೇ.

ಸಾಲಕ್ಕೆ ಎರಡು ದಾರಿ ಇದ್ದವು. ಒಂದು ಮುದ್ರಾ, ಸಣ್ಣ ವ್ಯಾಪಾರಕ್ಕೆ ಕೇಂದ್ರ ಸರ್ಕಾರದ ಸಾಲ ಯೋಜನೆ. 2015ರಿಂದ ಇದೆ, ಐವತ್ತು ಸಾವಿರದವರೆಗೆ ಶಿಶು, ಐದು ಲಕ್ಷದವರೆಗೆ ಕಿಶೋರ್, ಹತ್ತು ಲಕ್ಷದವರೆಗೆ ತರುಣ್. ಅಡಮಾನ ಬೇಡ, ಆದರೆ ಸಬ್ಸಿಡಿಯೂ ಇಲ್ಲ. "ಮುದ್ರಾದಲ್ಲಿ ಸಬ್ಸಿಡಿ ಕೊಡಿಸ್ತೀನಿ" ಅಂತ ಯಾರಾದರೂ ಬಂದರೆ ನಂಬಬೇಡಿ. ಇನ್ನೊಂದು ಪಿಎಂಇಜಿಪಿ, ಅಂದರೆ ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ. ಇದರಲ್ಲಿ ಸಬ್ಸಿಡಿ ಇದೆ. ನಾನು ಅರ್ಜಿ ಹಾಕಿದಾಗಿನ ನಿಯಮ ಹೀಗಿತ್ತು: ಸೇವಾ ಉದ್ಯಮಕ್ಕೆ ಇಪ್ಪತ್ತು ಲಕ್ಷದವರೆಗಿನ ಯೋಜನೆ. ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ. 15, ಹಳ್ಳಿಯಲ್ಲಿ ಶೇ. 25 ಸಬ್ಸಿಡಿ. ಮಹಿಳೆಯರು, ಎಸ್‌ಸಿ, ಎಸ್‌ಟಿ, ಒಬಿಸಿ, ಅಲ್ಪಸಂಖ್ಯಾತರು, ಅಂಗವಿಕಲರು, ಮಾಜಿ ಸೈನಿಕರಿಗೆ ನಗರದಲ್ಲಿ ಶೇ. 25, ಹಳ್ಳಿಯಲ್ಲಿ ಶೇ. 35. ಕೈಯಿಂದ ಹಾಕಬೇಕಾದ್ದು ನಮಗೆ ಶೇ. 5, ಸಾಮಾನ್ಯ ವರ್ಗದವರಿಗೆ ಶೇ. 10. ಇದು 2025-26ರವರೆಗಿನ ಅವಧಿಗೆ ಮಂಜೂರಾಗಿದ್ದ ಯೋಜನೆ. ನೀವು ಹಾಕುವ ಹೊತ್ತಿಗೆ ಮುಂದುವರಿದಿದೆಯಾ, ನಿಯಮ ಬದಲಾಗಿದೆಯಾ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಮೊದಲು ಕೇಳಿ.

ಮುಖ್ಯವಾದ ಮಾತು ಈಗ. ಇದು ಹೊಸ ಘಟಕಕ್ಕೆ ಮಾತ್ರ. ಆಗಲೇ ಕ್ಯಾಮೆರಾ ತಂದು, ಬೋರ್ಡ್ ಹಾಕಿ, ಬಿಲ್ ಕೊಟ್ಟು ವ್ಯಾಪಾರ ಮಾಡುತ್ತಿರುವವರಿಗೆ ಈ ಸಬ್ಸಿಡಿ ಇಲ್ಲ. ನನ್ನ ಜೊತೆ ತರಬೇತಿ ಪಡೆದ ಒಬ್ಬ ಹುಡುಗ ಫೈನಾನ್ಸಿನಲ್ಲಿ ಕ್ಯಾಮೆರಾ ತಗೊಂಡು ಸ್ಟುಡಿಯೋ ತೆರೆದು ಆಮೇಲೆ ಅರ್ಜಿ ಹಾಕಿದ. ಅಲ್ಲಿಗೇ ನಿಂತಿತು. ಪಾಪ, ಅವನಿಗೆ ಮೊದಲೇ ಯಾರೂ ಹೇಳಿರಲಿಲ್ಲ.

ನನ್ನ ಯೋಜನೆ ಒಟ್ಟು 4,80,000 ರೂಪಾಯಿ. ಬಾಡಿ 1,35,000, ಎರಡು ಲೆನ್ಸ್ 1,20,000, ಫ್ಲ್ಯಾಶ್ ಮತ್ತು ಲೈಟು 45,000, ಕಂಪ್ಯೂಟರ್ 85,000, ಫೋಟೋ ಪ್ರಿಂಟರ್ 27,000, ಇನ್ವರ್ಟರ್ 28,000, ಕಾರ್ಡು ಮತ್ತು ಹಾರ್ಡ್‌ಡಿಸ್ಕ್ 22,000, ಉಳಿದ 18,000 ಕೈಬಂಡವಾಳ. ಪೇಟೆಯಲ್ಲಿ ಅಂಗಡಿ ಮಾಡಿದ್ದರೆ ಸಬ್ಸಿಡಿ 1,20,000. ಪಂಚಾಯಿತಿ ವ್ಯಾಪ್ತಿಯಲ್ಲಿ ಮಾಡಿದರೆ 1,68,000. ಪೇಟೆಯಲ್ಲಿ ಬಾಡಿಗೆಯೂ ಜಾಸ್ತಿ. ಮದುವೆಯವರು ಹೇಗೂ ಫೋನಿನಲ್ಲೇ ಹುಡುಕುತ್ತಾರೆ, ಪಾಸ್‌ಪೋರ್ಟ್ ಸೈಜಿನ ಫೋಟೋಗೆ ಮಾತ್ರ ಅಂಗಡಿ ಕಣ್ಣಿಗೆ ಬೀಳಬೇಕು. ನಮ್ಮ ಸರ್ಕಲ್‌ನಲ್ಲೇ ಬ್ಯಾಂಕು, ಹೈಸ್ಕೂಲು, ಸೊಸೈಟಿ ಇವೆ. ಹಾಗಾಗಿ ಊರಲ್ಲೇ ಅಂತ ತೀರ್ಮಾನ ಮಾಡಿದೆ. ಪೇಟೆಗೆ ಹೋಗದೆ ಹಿಂದುಳಿದೆ ಅಂತ ಕೆಲವರು ಆಡಿಕೊಂಡರು. ನಲವತ್ತೆಂಟು ಸಾವಿರ ಯಾರು ಕೊಡುತ್ತಾರೆ ಸ್ವಾಮಿ?

ಅರ್ಜಿ ಆನ್‌ಲೈನ್, ಶುಲ್ಕ ಇಲ್ಲ. ಆಧಾರ್, ಪ್ಯಾನ್, ಫೋಟೋ, ಅಂಕಪಟ್ಟಿ, ಯೋಜನಾ ವರದಿ, ಹಳ್ಳಿ ಪ್ರದೇಶ ಅಂತ ಪಂಚಾಯಿತಿಯ ಪತ್ರ, ತರಬೇತಿಯ ಪ್ರಮಾಣಪತ್ರ. ಸೈಬರ್ ಸೆಂಟರಿನವರು ಯೋಜನಾ ವರದಿಗೆ ಮೂರು ಸಾವಿರ ಕೇಳಿದರು. ನಾನೇ ಬರೆದೆ, ಮಂಡಿಯ ಲೆಕ್ಕ ಬರೆದ ಕೈ ಅಲ್ವಾ. ನೀವೂ ಬರೆಯಬಹುದು. ತಿಂಗಳಿಗೆ ಎಷ್ಟು ಕಾರ್ಯಕ್ರಮ, ಆಷಾಢ ಮತ್ತು ಧನುರ್ಮಾಸದಲ್ಲಿ ಎಷ್ಟು ಇಳಿಯುತ್ತದೆ, ಪಾಸ್‌ಪೋರ್ಟ್ ಫೋಟೋ ದಿನಕ್ಕೆ ಎಷ್ಟು, ಇಷ್ಟನ್ನು ಪ್ರಾಮಾಣಿಕವಾಗಿ ಬರೆಯಿರಿ. ಇಳಿಯುವ ತಿಂಗಳುಗಳನ್ನು ತೋರಿಸಿದ್ದಕ್ಕೆ ಮ್ಯಾನೇಜರ್ ಖುಷಿಯಾದರು. ಬೇರೆಯವರ ವರದಿಯಲ್ಲಿ ಹನ್ನೆರಡು ತಿಂಗಳೂ ಒಂದೇ ಆದಾಯ ಇರುತ್ತದಂತೆ.

ಆಮೇಲೆ ಶುರುವಾಯಿತು ಕಾಯುವ ಕಾಲ. ಅರ್ಜಿ ಜಿಲ್ಲಾ ಕಚೇರಿಯಲ್ಲಿ ಪರಿಶೀಲನೆಯಾಗಿ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕಿನಲ್ಲಿ ಅದು ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಹೋದಾಗೆಲ್ಲ ಫೀಲ್ಡ್ ಆಫೀಸರ್ ರಜೆ, ಇಲ್ಲವೇ ಸರ್ವರ್ ಡೌನ್, ಇಲ್ಲವೇ "ಸೋಮವಾರ ಬನ್ನಿ". ಅಡಿಕೆ ಕೊಯ್ಲು ಶುರುವಾಗಿ ಮುಗಿಯಿತು, ನನ್ನ ಫೈಲು ಅಲ್ಲೇ ಇತ್ತು. ನಡುವೆ ಮ್ಯಾನೇಜರ್ ವರ್ಗವಾದರು. ಹೊಸಬರು ಬಂದು, "ನೋಡ್ರಿ, ಜಾಮೀನಿಗೆ ತಂದೆಯವರ ಪಹಣಿ ತಗೊಂಡ್ ಬರ್ರಿ" ಅಂದರು. ಹತ್ತು ಲಕ್ಷದೊಳಗಿನ ಇಂಥ ಸಾಲಕ್ಕೆ ಆಸ್ತಿ ಅಡಮಾನ ಕೇಳುವಂತಿಲ್ಲ, ಗ್ಯಾರಂಟಿ ನಿಧಿಯ ರಕ್ಷಣೆ ಇರುತ್ತದೆ. ನಾನು ಜಗಳ ಆಡಲಿಲ್ಲ. ರಿಸರ್ವ್ ಬ್ಯಾಂಕಿನ ಸೂಚನೆಯ ಪ್ರಿಂಟ್ ತೆಗೆದುಕೊಂಡು ಹೋಗಿ, "ಸರ್, ಇದು ನಮಗೆ ಅನ್ವಯ ಆಗುತ್ತಾ, ಒಮ್ಮೆ ನೋಡ್ತೀರಾ?" ಅಂತ ಮುಂದಿಟ್ಟೆ. ಅವರು ಓದಿ, ಪಕ್ಕಕ್ಕಿಟ್ಟು, ಪಹಣಿ ಮಾತು ಬಿಟ್ಟರು. ಇಂಥ ಕಡೆ ಕಾಗದ ಮಾತಾಡಲಿ, ನಾವು ಸುಮ್ನೆ ಇದ್ದರೆ ಸಾಕು.

ಆಮೇಲೆ ಸಿಬಿಲ್, ಅಂದರೆ ನಾವು ಹಳೇ ಸಾಲಗಳನ್ನು ಹೇಗೆ ಕಟ್ಟಿದ್ದೇವೆ ಅಂತ ವರದಿ ಕೊಡುವ ಕಂಪನಿ. ಕಾಲೇಜಿನಲ್ಲಿದ್ದಾಗ ಕಂತಿನಲ್ಲಿ ಒಂದು ಮೊಬೈಲ್ ತಗೊಂಡಿದ್ದೆ. ಪೂರ್ತಿ ಕಟ್ಟಿದ್ದೆ, ರಸೀದಿಯೂ ಇತ್ತು. ಆದರೆ ಕೊಟ್ಟ ಕಂಪನಿ ಅದನ್ನು ಮುಗಿದಿದೆ ಅಂತ ನಮೂದು ಮಾಡಿರಲಿಲ್ಲ. ವರದಿಯಲ್ಲಿ ಬಾಕಿ ಅಂತಲೇ ಇತ್ತು. ಬ್ಯಾಂಕು ತಕ್ಷಣ ಫೈಲ್ ಮುಚ್ಚಿತು. ಆ ದಿನ ಬಸ್ಸಿನಲ್ಲಿ ಅಳು ಬಂತು, ಸುಳ್ಳೇನು ಹೇಳಲಿ. ಸಿಬಿಲ್‌ನಲ್ಲಿ ಆನ್‌ಲೈನ್ ದೂರು ಹಾಕಬಹುದು, ಮೂವತ್ತು ದಿನದೊಳಗೆ ಸರಿ ಮಾಡಬೇಕು. ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕು ಅಂತ 2024ರಿಂದ ನಿಯಮ ಇದೆ. ಸಾಲ ಕೊಟ್ಟವರಿಂದ ನೋ ಡ್ಯೂ ಪತ್ರ ತರಿಸಿ ಹಾಕಿದೆ, ಸರಿಹೋಯಿತು. ನೀವು ಅರ್ಜಿ ಹಾಕುವ ಮೊದಲೇ ವರದಿ ತೆಗೆದು ನೋಡಿಕೊಳ್ಳಿ. ವರ್ಷಕ್ಕೊಮ್ಮೆ ಉಚಿತ.

ಮಳಿಗೆಯ ಕಾಗದಗಳದ್ದು ಇನ್ನೊಂದು ಕಥೆ. ಬಾಡಿಗೆ ಕರಾರುಪತ್ರ, ಮಾಲೀಕರ ಒಪ್ಪಿಗೆ, ಕಟ್ಟಡದ ಇ-ಸ್ವತ್ತು (ಪಂಚಾಯಿತಿಯ ಆಸ್ತಿ ದಾಖಲೆ) ನಕಲು, ತೆರಿಗೆ ರಸೀದಿ, ಇಷ್ಟು ಇದ್ದರೆ ಪಂಚಾಯಿತಿ ಪರವಾನಗಿ. ನಾನು ನೋಡಿದ ಮೊದಲ ಮಳಿಗೆ ಚೆನ್ನಾಗಿತ್ತು, ಆದರೆ ಮಾಲೀಕರಿಗೆ ಇ-ಸ್ವತ್ತೇ ಆಗಿರಲಿಲ್ಲ. ಅಣ್ಣತಮ್ಮಂದಿರ ಭಾಗದ ತಕರಾರು. ಅದಕ್ಕೇ ಈ ಸಣ್ಣ ಮಳಿಗೆಗೆ ಬಂದೆ. ಅಡ್ವಾನ್ಸ್ ಕೊಡುವ ಮೊದಲು ಕಾಗದ ನೋಡಿ. ಕರೆಂಟ್ ಮೀಟರ್ ಮನೆಯ ದರದಲ್ಲಿದ್ದರೆ ವಾಣಿಜ್ಯ ದರಕ್ಕೆ ಬದಲಾಯಿಸಬೇಕು, ಅದಕ್ಕೂ ಒಂದಿಷ್ಟು ದಿನ ಹಿಡಿಯಿತು. ಸಾಲ ಮಂಜೂರಾದ ಮೇಲೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿದೆ. ಆಧಾರ್, ಪ್ಯಾನ್ ಸಾಕು, ಒಂದು ಪೈಸೆ ಕೊಡಬೇಕಿಲ್ಲ. ಸರ್ಕಾರದ ಪೋರ್ಟಲ್ ಥರವೇ ಕಾಣುವ ಖಾಸಗಿ ಸೈಟುಗಳು ಸಾವಿರ, ಎರಡು ಸಾವಿರ ಕೇಳುತ್ತವೆ, ವಿಳಾಸ ನೋಡಿ ಒಳಗೆ ಹೋಗಿ. ಜಿಎಸ್‌ಟಿ ನೋಂದಣಿ ನಾನು ಮಾಡಿಸಿಲ್ಲ. ಸೇವೆಗೆ ವರ್ಷಕ್ಕೆ ಇಪ್ಪತ್ತು ಲಕ್ಷದ ವಹಿವಾಟಿನವರೆಗೆ ಬೇಕಿಲ್ಲ, ನಮ್ಮ ಹಳ್ಳಿಯಲ್ಲಿ ಅಷ್ಟು ಆಗಲಿ ಅಂತ ಹರಸಿದರೆ ನಿಮ್ಮ ಬಾಯಿಗೆ ಸಕ್ಕರೆ.

ಕೊನೆಗೂ ಕ್ಯಾಮೆರಾ. ಬ್ಯಾಂಕು ದುಡ್ಡನ್ನು ನಮ್ಮ ಕೈಗೆ ಕೊಡುವುದಿಲ್ಲ, ಕೊಟೇಶನ್ ಕೊಟ್ಟ ಡೀಲರಿನ ಖಾತೆಗೆ ಹಾಕುತ್ತದೆ. ಜಿಎಸ್‌ಟಿ ನಂಬರ್ ಇರುವ ಬಿಲ್ ಬೇಕು. ಹಾಗಾಗಿ ಸೆಕೆಂಡ್ ಹ್ಯಾಂಡ್ ತರುವ ಆಸೆ ಬಿಡಿ. ಬಿಲ್ ಇಲ್ಲದೆ ಕಮ್ಮಿಗೆ ಕೊಡುವ ಮಾಲೂ ಬೇಡ, ಅದಕ್ಕೆ ಇಲ್ಲಿ ವಾರಂಟಿ ಸಿಗುವುದಿಲ್ಲ. ನನಗೆ ಬಿದ್ದ ಪೆಟ್ಟು ಏನೆಂದರೆ ಸಾಲ ತಡವಾಗಿ ಕೊಟೇಶನ್ ಅವಧಿ ಮುಗಿದಿತ್ತು, ಬಾಡಿಯ ಬೆಲೆ ಏರಿತ್ತು. ಹೆಚ್ಚಾದ ಒಂಬತ್ತು ಸಾವಿರ ಕೈಯಿಂದ ಹಾಕಿದೆ, ಅದರ ಮೇಲೆ ನನ್ನ ಪಾಲಿನ 24,000. ಲೈಟ್ ಹಿಡಿದು, ಸೆಕೆಂಡ್ ಶೂಟ್ ಮಾಡಿ ಉಳಿಸಿದ್ದು ಇಲ್ಲಿಗೆ ಬಂತು. ಸಬ್ಸಿಡಿ ಹಣವೂ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ, ಅಷ್ಟು ಮೊತ್ತಕ್ಕೆ ಬಡ್ಡಿ ಹಾಕುವುದಿಲ್ಲ, ಘಟಕ ನಡೆಯುತ್ತಿದೆ ಅಂತ ಪರಿಶೀಲನೆ ಆದ ಮೇಲೆ ಸಾಲಕ್ಕೆ ಹೊಂದಿಸುತ್ತಾರೆ. ಅಲ್ಲಿವರೆಗೆ ಅಂಗಡಿ ಮುಚ್ಚುವಂತಿಲ್ಲ, ಯೋಜನೆಯ ಹೆಸರಿನ ಬೋರ್ಡೂ ಇರಬೇಕು.

ವಿಮೆ ಮಾಡಿಸುವಾಗ ಪಾಲಿಸಿ ಸರಿಯಾಗಿ ಓದಿ. ಅಂಗಡಿ ವಿಮೆಯಾದರೆ ಅಂಗಡಿಯೊಳಗೆ ಇದ್ದಾಗ ಮಾತ್ರ ಲೆಕ್ಕ. ನಮ್ಮ ಕ್ಯಾಮೆರಾ ಇರೋದು ಛತ್ರದಲ್ಲಿ, ಬಸ್ಸಿನಲ್ಲಿ, ತೋಟದಲ್ಲಿ. ಹೊರಗೆ ಒಯ್ದಾಗಲೂ ರಕ್ಷಣೆ ಕೊಡುವ ಪಾಲಿಸಿ ಅಂತಲೇ ಕೇಳಿ.

ಮಲೆನಾಡಿನವರಿಗೆ ಒಂದು ಮಾತು. ನಮ್ಮ ಮಳೆಗೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಚರ್ಮದ ಬ್ಯಾಗಿನಲ್ಲಿ, ಬೀರುವಿನಲ್ಲಿ ಇಟ್ಟರೆ ಒಂದೇ ಮಳೆಗಾಲ ಸಾಕು. ಡ್ರೈ ಕ್ಯಾಬಿನೆಟ್ (ತೇವ ತೆಗೆಯುವ ಪೆಟ್ಟಿಗೆ) ದುಬಾರಿ ಅನಿಸಿದರೆ ಗಾಳಿಯಾಡದ ದೊಡ್ಡ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ಜೊತೆಗೆ ಒಂದು ತೇವ ಮಾಪಕ ಇಡಿ. ತೇವ ಶೇಕಡಾ ನಲವತ್ತೈದು ಐವತ್ತರ ಆಸುಪಾಸು ಇರಲಿ. ನೀಲಿ ಜೆಲ್ ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಅಮ್ಮನ ಅಡುಗೆ ಬಾಣಲೆ ಮಾತ್ರ ಮುಟ್ಟಬೇಡಿ.

ಕೆಲಸ ಬಂತಾ? ಬಂತು, ಸ್ವಲ್ಪ. ದಿನದ ಖರ್ಚು ನಡೆಸುತ್ತಿರುವುದು ಪಾಸ್‌ಪೋರ್ಟ್ ಫೋಟೋ. ಬ್ಯಾಂಕಿಗೆ, ಶಾಲೆಗೆ, ಪಾಸ್‌ಪೋರ್ಟಿಗೆ, ಒಂದೊಂದಕ್ಕೆ ಒಂದೊಂದು ಅಳತೆ. ಮಾಮೂಲಿ 35×45 ಮಿಲಿಮೀಟರ್, ಅಮೆರಿಕದ ವೀಸಾಗೆ ಎರಡಿಂಚು ಚೌಕ. ಹಳ್ಳಿಯಲ್ಲೂ ಈಗ ಮಕ್ಕಳ ಮನೆಗೆ ಹೊರಟ ಅಪ್ಪ ಅಮ್ಮಂದಿರು ವೀಸಾ ಫೋಟೋ ಕೇಳಿಕೊಂಡು ಬರುತ್ತಾರೆ. ಅಳತೆಗಳನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ.

ಮದುವೆ ಬುಕಿಂಗಿಗೆ ಒಂದು ಪುಟದ ಒಪ್ಪಂದ ಮಾಡಿದ್ದೇನೆ, ಕನ್ನಡದಲ್ಲೇ. ಅಡ್ವಾನ್ಸ್ ಕೊಟ್ಟರೆ ಮಾತ್ರ ಡೇಟ್ ಬ್ಲಾಕ್. ಅರ್ಧ ದುಡ್ಡು ಕಾರ್ಯಕ್ರಮದ ದಿನ, ಉಳಿದದ್ದು ಆಲ್ಬಂ ಕೊಡುವಾಗ. ಆಲ್ಬಂಗೆ ಫೋಟೋ ಆರಿಸಿಕೊಡಲು ಇಂತಿಷ್ಟು ದಿನ ಅಂತಲೂ ಬರೆಯಿರಿ, ಇಲ್ಲದಿದ್ದರೆ ಮಗುವಿನ ನಾಮಕರಣದವರೆಗೂ ಆರಿಸುತ್ತಾ ಇರುತ್ತಾರೆ. ನೆಂಟರು, ಪರಿಚಯದವರು "ನಮ್ಮೋರೇ ಅಲ್ವಾ, ಬರ್ಕೊಳೋದೆಲ್ಲ ಯಾಕೆ" ಅನ್ನುತ್ತಾರೆ. ನಮ್ಮವರಾದ್ದಕ್ಕೇ ಬರೆದುಕೊಳ್ಳಬೇಕು, ನಾಳೆ ಮುಖ ನೋಡಬೇಕಲ್ಲ.

ಹಕ್ಕಿನ ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ದುಡ್ಡು ಕೊಟ್ಟು ತೆಗೆಸಿದ ಫೋಟೋದ ಕಾಪಿರೈಟ್, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದೇ. 1957ರ ಕಾಯ್ದೆಯಲ್ಲೇ ಹಾಗಿದೆ. ನಿಮ್ಮ ಇನ್‌ಸ್ಟಾಗ್ರಾಂನಲ್ಲಿ, ಅಂಗಡಿ ಬೋರ್ಡಿನಲ್ಲಿ ಮದುಮಗಳ ಫೋಟೋ ಹಾಕಬೇಕಾದರೆ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ ಸಹಿ ಹಾಕಿಸಿಕೊಳ್ಳಿ. ಬೇಡ ಅಂದವರದು ಹಾಕಬೇಡಿ.

ಫೋಟೋ ಉಳಿಸಿಕೊಳ್ಳೋದು ತೆಗೆಯೋದಕ್ಕಿಂತ ಹೆದರಿಕೆಯ ಕೆಲಸ. ಎರಡೂ ಕಾರ್ಡಿಗೆ ಒಟ್ಟಿಗೆ ಬರೆಯುವ ಹಾಗೆ ಸೆಟ್ ಮಾಡಿದ್ದೇನೆ. ಒಂದು ಮದುವೆಗೆ ಸುಲಭವಾಗಿ ಎಪ್ಪತ್ತು ಎಂಬತ್ತು ಜಿಬಿ ಆಗುತ್ತದೆ. ಅದೇ ರಾತ್ರಿ ಕಂಪ್ಯೂಟರಿಗೆ ಒಂದು, ಹಾರ್ಡ್‌ಡಿಸ್ಕಿಗೆ ಒಂದು. ಆ ಹಾರ್ಡ್‌ಡಿಸ್ಕ್ ಅಂಗಡಿಯಲ್ಲಲ್ಲ, ಮನೆಯಲ್ಲಿ. ಆಲ್ಬಂ ಕೈಗೆ ಕೊಡುವವರೆಗೆ ಕಾರ್ಡ್ ಅಳಿಸುವುದಿಲ್ಲ. ಸಿಡಿಲಿನ ಕಾಲದಲ್ಲಿ ಕಂಪ್ಯೂಟರಿನ ಪ್ಲಗ್ ಕಿತ್ತೇ ಮನೆಗೆ ಹೋಗುತ್ತೇನೆ.

ಬುಕಿಂಗಿಗೆ ಬಂದವರು ಮೊದಲು ಕೇಳೋದು "ಡ್ರೋನ್ ಇದ್ಯಾ?" ಅಂತ. ಸದ್ಯಕ್ಕೆ ಇಲ್ಲ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂಗಿಂತ ಭಾರದ್ದನ್ನು ಸಂಪಾದನೆಗೆ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು, ಡ್ರೋನಿಗೆ ನೋಂದಣಿ ಸಂಖ್ಯೆ ಬೇಕು, ಹಾರಿಸುವ ಜಾಗ ಯಾವ ವಲಯದಲ್ಲಿದೆ ಅಂತ ಡಿಜಿಟಲ್ ಸ್ಕೈ ಅನ್ನುವ ಸರ್ಕಾರಿ ಪೋರ್ಟಲಿನಲ್ಲಿ ನೋಡಬೇಕು. 2022ರಿಂದ ವಿದೇಶಿ ಡ್ರೋನ್ ಆಮದಿಗೂ ತಡೆ ಇದೆ. ಮದುವೆ ಮನೆಗಳಲ್ಲಿ ಹಾರುತ್ತಿರುವುದರಲ್ಲಿ ಎಷ್ಟಕ್ಕೆ ಕಾಗದ ಇದೆಯೋ ಕೇಳಬೇಡಿ. ಬೇಕೇ ಬೇಕು ಅನ್ನುವವರಿಗೆ ಲೈಸೆನ್ಸ್ ಇರುವ ಒಬ್ಬರನ್ನು ಕರೆಸುತ್ತೇನೆ, ಅವರ ದುಡ್ಡನ್ನು ಗಿರಾಕಿಗಳೇ ನೇರವಾಗಿ ಅವರಿಗೆ ಕೊಡುತ್ತಾರೆ.

ಕಂತು ತಿಂಗಳಿಗೆ ಆರು ಸಾವಿರ ಚಿಲ್ಲರೆ. ಸಾಲ ಬಿಡುಗಡೆ ಆಗುವಾಗ ಮೊದಲ ಕೆಲವು ತಿಂಗಳು ಕಂತು ಬೇಡ ಅಂತ ಕೇಳಿಕೊಳ್ಳಬಹುದು, ಕೇಳಿದರೆ ಮಾತ್ರ ಕೊಡುತ್ತಾರೆ. ನಾನು ಕೇಳಿದೆ, ಆಷಾಢ ಕಳೆದ ಮೇಲೆ ಶುರುವಾಗುವ ಹಾಗೆ ಹಾಕಿಸಿಕೊಂಡೆ. ಶ್ರಾವಣಕ್ಕೆ ಎರಡು ಗೃಹಪ್ರವೇಶ, ಒಂದು ಮದುವೆ ಬುಕ್ ಆಗಿವೆ. ಮದುವೆಯವರು ಅಡ್ವಾನ್ಸ್ ಇನ್ನೂ ಹಾಕಿಲ್ಲ. ನಾಳೆ ಫೋನ್ ಮಾಡಿ ಕೇಳಬೇಕು.